ತಂತಿಯ ಆಚೆಗಿನ ಚಿತ್ರ

ಈ ಸಂಗತಿಯನ್ನು ಮೊದಲು ಹೇಳಿದವಳು ಮುಂದೆ ಬರುವ ತಾರಸಿಯ ಕಟ್ಟಡದ ಬುಡದಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದ ಅಜ್ಜಿ. ಹೇಳಿದ್ದು, ನೀರಿನ ಟ್ಯಾಂಕಿನಿಂದ ಅದರ ಮೇಲ್ವಿಚಾರಕ ಬಿದ್ದು ಸತ್ತ ಮರುವರ್ಷ, ಚಳಿ ಇನ್ನೂ ಬಿಡದ ಒಂದು ಸಂಜೆ. ಬಟ್ಟೆ ಒಯ್ಯಲು ಬಂದವರಲ್ಲಿ ಕೆಲವರು ಬೆಂಚಿನ ಮೇಲೆ ಕುಳಿತು ಕೇಳಿದರು, ಕೆಲವರು ನಿಂತೇ ಕೇಳಿದರು. ಆಮೇಲೆ ಬೇರೆಯವರ ಬಾಯಿಗೆ ಬಿದ್ದು ಇದಕ್ಕೆ ರೆಕ್ಕೆಪುಕ್ಕ ಹುಟ್ಟಿದ್ದುಂಟು. ಅಜ್ಜಿ ಹೇಳಿದ್ದು ಮಾತ್ರ ಹೀಗಿದೆ.

ಲೆನ್ಸಕ್ಕ ಕ್ಯಾಮೆರಾದಿಂದ ಕಣ್ಣು ತೆಗೆದಳು. ಈ ಸಲವೂ ತಂತಿಯೇ ಬಂದಿತ್ತು.

ಅವಳು ನಿಂತಿದ್ದದ್ದು ಹಕ್ಕಿ ಮೇಷ್ಟ್ರ ತಾರಸಿಯ ಮೇಲೆ. ಎದುರಿಗೆ ಬೀದಿ, ಬೀದಿಯ ಆಚೆ ರೈಲು ಹಳಿಗಳು, ಹಳಿಗಳ ಆಚೆ ಎತ್ತರದ ಕಂಬಗಳ ಮೇಲೆ ಕುಳಿತ ನೀರಿನ ಟ್ಯಾಂಕು. ತಾರಸಿಯ ಹತ್ತಿರವೇ, ಬೀದಿಯ ಮೇಲೆ, ಒಂದು ಕರಿಯ ಕೇಬಲ್ ತಂತಿ ಅಡ್ಡ ಹಾದಿತ್ತು. ಬರಿಗಣ್ಣಿಗೆ ಅದು ಇದ್ದೂ ಇಲ್ಲದಂತೆ. ಆದರೆ ಕ್ಯಾಮೆರಾವನ್ನು ಟ್ಯಾಂಕಿನ ಕಟಕಟೆಯತ್ತ ತಿರುಗಿಸಿ ಗುಂಡಿ ಒತ್ತಿದರೆ ಸಾಕು, ಅದು ಹಟ ಹಿಡಿದ ಮಗುವಿನಂತೆ ತಂತಿಯನ್ನೇ ತಬ್ಬಿಕೊಳ್ಳುತ್ತಿತ್ತು. ಚಿತ್ರದಲ್ಲಿ ತಂತಿಯ ಮೇಲಿನ ಧೂಳು ಕೂಡ ಸ್ಪಷ್ಟ. ಹಿಂದಿನ ಟ್ಯಾಂಕು ನೀರಿನಲ್ಲಿ ಕದಡಿದ ಬಣ್ಣ.

ಅದು ಸೂಪರ್‌ಜೂಮ್ ಬ್ರಿಜ್ ಕ್ಯಾಮೆರಾ. ಲೆನ್ಸು ಬಿಚ್ಚಿ ಬದಲಿಸುವ ಗೋಜಿಲ್ಲ. ಒಂದೇ ಲೆನ್ಸು ಮೂತಿ ಚಾಚುತ್ತ ಚಾಚುತ್ತ ದೂರದ ಹಕ್ಕಿಯನ್ನು ಅಂಗೈಗೆ ತಂದುಕೊಡುತ್ತದೆ. ಅಷ್ಟು ದೂರ ಚಾಚುವ ಯಂತ್ರದೊಳಗೆ ಬೆಳಕು ಹಿಡಿಯುವ ಸೆನ್ಸರ್ ಮಾತ್ರ ಕಿರುಬೆರಳಿನ ಉಗುರಿನಷ್ಟು. ಆ ಬಡತನವನ್ನು ಮುಚ್ಚಿಕೊಳ್ಳಲು ಅದು ಎಲ್ಲೆಲ್ಲಿ ಬಣ್ಣ ಸವರುತ್ತದೆ, ಎಲ್ಲೆಲ್ಲಿ ಇಲ್ಲದ ಅಂಚು ಗೀಚುತ್ತದೆ ಎಂಬುದನ್ನು ಕಂಡುಹಿಡಿಯುವುದೇ ಲೆನ್ಸಕ್ಕನ ಉದ್ಯೋಗ. ಹಳೆಯ ಕ್ಯಾಮೆರಾಗಳನ್ನು ಕೊಂಡು ಮಾರುವ ಅಂಗಡಿಯಲ್ಲಿ ಅವಳು ‘ಸೈ’ ಅನ್ನದೆ ಯಾವುದೂ ಗಾಜಿನ ಕಪಾಟು ಏರುತ್ತಿರಲಿಲ್ಲ. ಹೆಸರೂ ಅಲ್ಲಿಂದಲೇ ಅಂಟಿಕೊಂಡದ್ದು.

ಇಂದಿನ ಪರೀಕ್ಷೆಯ ಮೇಲೆ ಅವಳ ತಮ್ಮನ ಬದುಕು ನಿಂತಿತ್ತು.

ಮೇಲ್ವಿಚಾರಕ ಸತ್ತ ದಿನ ಮೇಷ್ಟ್ರ ಇದೇ ಕ್ಯಾಮೆರಾದಲ್ಲಿ ಒಂದು ಚಿತ್ರ ಸಿಕ್ಕಿತ್ತು. ಟ್ಯಾಂಕಿನ ಕಟಕಟೆಯ ಬಳಿ ಇಬ್ಬರು. ಒಬ್ಬ ಮೇಲ್ವಿಚಾರಕ, ಕಟಕಟೆಯಿಂದಾಚೆ ವಾಲಿದ್ದ. ಇನ್ನೊಬ್ಬ ಅವನ ಎದೆಗೆ ಕೈ ಕೊಟ್ಟು, ಮುಖವನ್ನು ಅರ್ಧ ಹಿಂದಕ್ಕೆ ತಿರುಗಿಸಿದ್ದ. ಆ ಮುಖ ಕಲಸಿಹೋಗಿತ್ತು. ಆದರೆ ಮೈಮೇಲಿನ ಹಳದಿ ಜಾಕೆಟಿನ ಬೆನ್ನಿಗೆ ನೀಲಿ ತೇಪೆ ಇತ್ತು. ತೇಪೆ ಹಾಕಿದವಳು ಲೆನ್ಸಕ್ಕ. ಜಾಕೆಟು ಟ್ಯಾಂಕುಗಳಿಗೆ ಬಣ್ಣ ಬಳಿಯುವ ಅವಳ ತಮ್ಮನದು.

ಪೊಲೀಸರು ಅವನನ್ನು ಕರೆದೊಯ್ದು, “ಇದು ನೀನೇನಾ?” ಎಂದು ಕೇಳಿದರು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಬಾಯಿಗೆ ಬೀಗ ಜಡಿದು ಕುಳಿತುಬಿಟ್ಟ.

ವಕೀಲೆಯನ್ನು ಗೊತ್ತು ಮಾಡಿದವನು ಲೆನ್ಸಕ್ಕನ ಗಂಡ, ಅದೇ ಟ್ಯಾಂಕಿನ ಬುಡದ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದವನು. ವಕೀಲೆ ಚಿತ್ರದ ಪ್ರತಿಯನ್ನು ಕೈಗಿತ್ತು ಒಂದೇ ಮಾತು ಹೇಳಿದ್ದಳು: “ನಾಳೆ ಕೋರ್ಟಿನಲ್ಲಿ ಮೇಷ್ಟ್ರು ಸಾಕ್ಷಿ ಹೇಳ್ತಾರೆ. ಈ ಚಿತ್ರ ನಂಬೋ ಹಾಗಿಲ್ಲ ಅಂತ ತೋರಿಸಿ, ನಿಮ್ಮ ತಮ್ಮ ನಾಳೆ ಸಂಜೆಗೆ ಮನೇಲಿರ್ತಾನೆ.”

ಆದುದರಿಂದ ಲೆನ್ಸಕ್ಕ ತನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಚಿತ್ರ ಕೆಟ್ಟದಾಗಿರಲಿ ಎಂದು ಬೇಡಿಕೊಂಡಿದ್ದಳು.

ಅದು ಕೆಟ್ಟದಾಗಿರಲಿಲ್ಲ. ಅವಳ ಸಂಕಟ ಅದೇ.

ಮಸುಕು ಅಂದರೆ ಜನ ಒಂದೇ ಅಂದುಕೊಳ್ಳುತ್ತಾರೆ. ಅವಳ ಕಣ್ಣಿಗೆ ಒಂದೊಂದು ಮಸುಕಿಗೂ ಒಂದೊಂದು ಚಹರೆ. ಕೈ ನಡುಗಿದರೆ ಚಿತ್ರದ ಎಲ್ಲ ಚುಕ್ಕೆಗಳೂ ಒಂದೇ ದಿಕ್ಕಿಗೆ ಬಾಲ ಎಳೆಯುತ್ತವೆ. ಬಿಸಿಲಿಗೆ ಗಾಳಿ ಕುದಿದರೆ ನೆಟ್ಟಗಿನ ಕಂಬ ಹಾವಿನಂತೆ ಹೊರಳುತ್ತದೆ. ಫೋಕಸ್ ತಪ್ಪಿದರೆ ಬೆಳಕಿನ ಚುಕ್ಕೆ ಊದಿ ದುಂಡಗಾಗುತ್ತದೆ. ಬೆಳಕು ಸಾಲದಿದ್ದರೆ ಕ್ಯಾಮೆರಾ ತಾನೇ ಕೂದಲನ್ನೂ ಹುಲ್ಲನ್ನೂ ಒದ್ದೆ ಕುಂಚದಿಂದ ಸವರಿದಂತೆ ಮಾಡುತ್ತದೆ. ಹಿಂದಿನ ದಿನ ಅಂಗಡಿಯ ದೊಡ್ಡ ಪರದೆಯ ಮೇಲೆ ಚಿತ್ರವನ್ನು ಪೂರ್ತಿ ಹಿಗ್ಗಿಸಿ, ನಡುವಿನಿಂದ ನಾಲ್ಕು ಮೂಲೆಗೂ ಅವಳು ಇಂಚಿಂಚು ಹುಡುಕಿದ್ದಳು. ನಡುವೆ ಒಂದು ಬೂದು ಮಬ್ಬು ಅಡ್ಡ ಹಾದಿತ್ತು, ಅಷ್ಟೆ. ಕಟಕಟೆಯ ಬೋಲ್ಟು ಹರಳಿನಂತೆ ಸ್ಪಷ್ಟ. ಕೆಳ ಅಂಚಿನಲ್ಲಿ ಟ್ಯಾಂಕಿನ ಮೇಲೆ ಬರೆದ ‘ಎಚ್ಚರಿಕೆ’ ಎಂಬ ಅಕ್ಷರಗಳ ತಲೆಕಟ್ಟು ಚಾಕುವಿನಿಂದ ಕೊರೆದಂತೆ. ಕೈ ನಡುಗಿದ ಗುರುತಿಲ್ಲ. ಮುಖ ಮಾತ್ರ ಕಲಸಿದ್ದು ಆ ಮನುಷ್ಯ ಸರಕ್ಕನೆ ತಿರುಗಿದ್ದರಿಂದ.

ಅಂದರೆ ತೆಗೆದವರ ಕೈಯಲ್ಲಿ ತಪ್ಪಿರಲಿಲ್ಲ. ಉಳಿದದ್ದು ಒಂದೇ ಆಸೆ: ಈ ತಾರಸಿಯಿಂದ, ಈ ಕ್ಯಾಮೆರಾದಿಂದ ಅಂಥ ಚಿತ್ರ ಬರುವುದೇ ಇಲ್ಲ ಎಂದು ತೋರಿಸುವುದು.

“ಏನಮ್ಮ, ಸಿಕ್ತಾ ಟ್ಯಾಂಕು?” ಹಕ್ಕಿ ಮೇಷ್ಟ್ರು ಪ್ಲಾಸ್ಟಿಕ್ ಕುರ್ಚಿಯಿಂದಲೇ ಕೇಳಿದರು. ಶಾಲೆಯಿಂದ ನಿವೃತ್ತರಾದ ಮೇಲೆ ಹಕ್ಕಿಗಳಿಗೆ ಹಾಜರಿ ಕರೆಯುವುದೇ ಅವರ ಕೆಲಸ. ಪೊಲೀಸರು ಚಿತ್ರವಿದ್ದ ಮೆಮೊರಿ ಕಾರ್ಡನ್ನು ಇಟ್ಟುಕೊಂಡು ಕ್ಯಾಮೆರಾ ಹಿಂದಿರುಗಿಸಿದ್ದು ಅವರ ಗಲಾಟೆ ತಾಳಲಾರದೆ.

“ತಂತಿ ಸಿಕ್ತು ಮೇಷ್ಟ್ರೇ.”

“ಅದಕ್ಕೆ ತಂತಿ ಅಂದ್ರೆ ಪ್ರಾಣ. ಮೊದಮೊದಲು ನಾನೂ ಬೈತಿದ್ದೆ. ಆಮೇಲೆ ರಾಜಿ ಆದ್ವಿ. ಈಗ ತಂತಿ ಮೇಲೆ ಕೂರೋ ಹಕ್ಕಿನಷ್ಟೇ ತೆಗೆಯೋದು. ಹಕ್ಕಿಗೂ ಅನುಕೂಲ, ನನಗೂ ಅನುಕೂಲ.”

ಅವರು ನಕ್ಕರು. ಲೆನ್ಸಕ್ಕನಿಗೆ ನಗು ಬರಲಿಲ್ಲ.

“ಆ ದಿನ ಮಾತ್ರ ತಂತಿ ಬಿಟ್ಟು ಟ್ಯಾಂಕು ಹೇಗೆ ಸಿಕ್ತು?”

“ಹೇಗೆ ಅಂದ್ರೆ? ಒತ್ತಿದೆ, ಬಂತು.”

“ಈಗ ಒಂದ್ಸಲ ಒತ್ತಿ, ನೋಡೋಣ.”

ಮೇಷ್ಟ್ರು ಎದ್ದು ಬಂದು ಕ್ಯಾಮೆರಾವನ್ನು ಪ್ಯಾರಾಪೆಟ್ಟಿನ ಮೇಲಿಟ್ಟು, ಟ್ಯಾಂಕಿನ ಕಡೆಗೆ ಅಂದಾಜಿನಲ್ಲಿ ತಿರುಗಿಸಿ, ಕರೆಗಂಟೆ ಒತ್ತುವ ಹಾಗೆ ಗುಂಡಿಯನ್ನು ಒಂದೇ ಏಟಿಗೆ ಒತ್ತಿದರು. ಕ್ಯಾಮೆರಾ ಮುಗ್ಗರಿಸಿತು. ಬಂದದ್ದು ತಂತಿ, ಅದೂ ಓರೆಯಾಗಿ, ಬಾಲ ಎಳೆದುಕೊಂಡು.

“ಗಾಳಿ,” ಅಂದರು ಮೇಷ್ಟ್ರು. ಒಣಹಾಕಿದ ಬಟ್ಟೆ ಅಲುಗುತ್ತಿರಲಿಲ್ಲ.

ಅವಳು ಕ್ಯಾಮೆರಾ ತೆಗೆದುಕೊಂಡು ಅದರ ನೋಟದ ಕಿಂಡಿಗೆ ಕಣ್ಣಿಟ್ಟಳು. ಕಿಂಡಿಯೊಳಗೆ ಎಲ್ಲವೂ ಮಂಜು. ಅಷ್ಟು ಹೊತ್ತೂ ಅವಳು ಹಿಂಬದಿಯ ಪರದೆ ನೋಡಿಯೇ ಕೆಲಸ ಮಾಡುತ್ತಿದ್ದುದರಿಂದ ಇದು ಗಮನಕ್ಕೆ ಬಂದಿರಲಿಲ್ಲ. ಕಿಂಡಿಯ ಪಕ್ಕದಲ್ಲಿ ಒಂದು ಪುಟ್ಟ ಚಕ್ರ ಇರುತ್ತದೆ, ನೋಡುವವರ ಕಣ್ಣಿಗೆ ತಕ್ಕಂತೆ ಹೊಂದಿಸಿಕೊಳ್ಳುವುದಕ್ಕೆ. ಮೇಷ್ಟ್ರ ಚಕ್ರ ಒಂದು ಕೊನೆಗೆ ಹೋಗಿ ಕಚ್ಚಿ ನಿಂತಿತ್ತು. ಅದಕ್ಕಿಂತ ಆಚೆ ತಿರುಗುವ ಜಾಗವೇ ಇಲ್ಲ.

ಕೆಳಗಿನ ಮನೆಯಿಂದ ಹೆಣ್ಣುದನಿ ಮೇಲಕ್ಕೆ ಹಾರಿ ಬಂತು. “ಅಪ್ಪಾ, ಕಣ್ಣಿನ ಡ್ರಾಪ್ಸ್ ಹಾಕ್ಕೊಂಡ್ರಾ?”

“ಹಾಕ್ಕೊಂಡೆ, ಹಾಕ್ಕೊಂಡೆ!” ಎಂದು ಮೇಷ್ಟ್ರು ಕೂಗಿ, ದನಿ ತಗ್ಗಿಸಿ, “ಮಗಳು. ಪೊಲೀಸಿನವರಿಗಿಂತ ಜೋರು,” ಅಂದರು.

ಲೆನ್ಸಕ್ಕನ ಕೈ, ಯೋಚನೆಗೂ ಮೊದಲೇ, ತನ್ನ ಹಳೆಯ ರೂಢಿಯಂತೆ ಕೆಲಸ ಶುರು ಮಾಡಿತ್ತು. ಕ್ಯಾಮೆರಾದ ಮೂತಿಯನ್ನು ಕೊಂಚ ತಗ್ಗಿಸಿದಳು. ತಂತಿ ಚೌಕಟ್ಟಿನಿಂದ ಹೊರಬಿತ್ತು. ಟ್ಯಾಂಕಿನ ಹೊಟ್ಟೆಯ ಮೇಲಿನ ‘ಎಚ್ಚರಿಕೆ’ ಎಂಬ ದಪ್ಪ ಅಕ್ಷರಗಳು ಒಳಬಂದವು. ಬಿಳಿಯ ಮೇಲೆ ಕೆಂಪು, ಗಟ್ಟಿ ಅಂಚು. ಇಂಥ ಯಂತ್ರ ಹಿಡಿದುಕೊಳ್ಳಲು ಅದಕ್ಕಿಂತ ಒಳ್ಳೆಯ ಗುರಿ ಇಲ್ಲ. ಗುಂಡಿಯನ್ನು ಅರ್ಧ ಒತ್ತಿದಳು. ಹಸಿರು ಚೌಕ ಮಿಂಚಿ ನಿಂತಿತು. ಬೆರಳು ಸಡಿಲಿಸದೆ, ಆ ಫೋಕಸನ್ನು ಹಾಗೇ ಹಿಡಿದುಕೊಂಡು, ಮೂತಿಯನ್ನು ಕಟಕಟೆಗೆ ಏರಿಸಿದಳು. ತಂತಿ ಮತ್ತೆ ಅಡ್ಡ ಬಂತು. ಬರಲಿ, ಈಗ ಅದು ಹೊಗೆಯ ಎಳೆ. ಉಸಿರು ಹೊರಗೆ ಬಿಟ್ಟು, ಉಳಿದರ್ಧ ಒತ್ತಿದಳು.

ಅದೇ ಚಿತ್ರ. ಬೋಲ್ಟು ಅದೇ, ತಲೆಕಟ್ಟು ಅದೇ, ನಡುವೆ ಹಾದ ಬೂದು ಮಬ್ಬೂ ಅದೇ. ಮನುಷ್ಯರಿಬ್ಬರು ಇರಲಿಲ್ಲ, ಅಷ್ಟೆ.

ಚಿತ್ರ ಇಲ್ಲಿಂದಲೇ ಬಂದದ್ದು. ಆ ಆಸೆಯೂ ಸುಟ್ಟುಹೋಯಿತು. ಆದರೆ ಅದರ ಬೂದಿಯಲ್ಲಿ ಬೇರೊಂದು ಕಿಡಿ ಕಾಣಿಸಿತು: ಹೀಗೆ ತೆಗೆದವರು ಮೇಷ್ಟ್ರಲ್ಲ.

ಅಜ್ಜಿ ಇಲ್ಲಿಗೆ ಬಂದಾಗ ಕೇಳುವವರಲ್ಲೊಬ್ಬ, “ಅಜ್ಜೀ, ನೀನೂ ತಾರಸಿ ಹತ್ತಿದ್ಯಾ, ಇಷ್ಟೆಲ್ಲ ಹೇಳ್ತೀಯಲ್ಲ?” ಅಂದನಂತೆ. “ಲೆನ್ಸಕ್ಕನೇ ಈ ಬೆಂಚಿನ ಮೇಲೆ ಕೂತು ಹೇಳಿದ್ದು ಕಣೋ. ನಿನ್ನ ಅಂಗಿಯ ಕಾಲರು ಸುಡಬೇಕು ಅಂತಿದ್ರೆ ಮಧ್ಯ ಬಾಯಿ ಹಾಕು,” ಎಂದು ಅಜ್ಜಿ ಇಸ್ತ್ರಿಪೆಟ್ಟಿಗೆ ಎತ್ತಿದಳಂತೆ. ಅವನು ತೆಪ್ಪಗಾದ.

ಲೆನ್ಸಕ್ಕ ಲ್ಯಾಪ್‌ಟಾಪನ್ನು ನೀರಿನ ಡ್ರಮ್ಮಿನ ಮೇಲಿಟ್ಟು, ತಾನು ಆಗಷ್ಟೇ ತೆಗೆದ ಚಿತ್ರಗಳಲ್ಲಿ ಎರಡನ್ನು ಅಕ್ಕಪಕ್ಕ ತೆರೆದಳು. ಎಡಕ್ಕೆ, ತಂತಿ ಹಿಡಿದು ಟ್ಯಾಂಕು ಕದಡಿಹೋದದ್ದು. ಬಲಕ್ಕೆ, ಬೋಲ್ಟಿನ ತಿರುಪಿನ ಸುತ್ತು ಕೂಡ ಎಣಿಸಬಹುದಾದದ್ದು. ಯಾವ ಮಗುವಾದರೂ ಹೇಳುವಷ್ಟು ವ್ಯತ್ಯಾಸ.

“ಮೇಷ್ಟ್ರೇ, ಟ್ಯಾಂಕಿಂದು ಎರಡಿದೆ. ಒಂದನ್ನ ಇಟ್ಕೊಂಡು ಒಂದನ್ನ ಅಳಿಸ್ತೀನಿ. ಯಾವುದು ಚೆನ್ನಾಗಿದೆ ಹೇಳಿ.”

ಮೇಷ್ಟ್ರು ಬಗ್ಗಿದರು. ಕತ್ತು ಓರೆ ಮಾಡಿ ಒಂದು ಕಣ್ಣಿನ ಮೂಲೆಯಿಂದ ನೋಡಿದರು. ಇನ್ನೊಂದು ಮೂಲೆಯಿಂದ ನೋಡಿದರು.

“ಎರಡೂ ಪರವಾಗಿಲ್ಲ.”

“ಒಂದು ಹೇಳಿ.”

“ಹಾಗಾದ್ರೆ ಈ ಎಡಗಡೇದು. ಟ್ಯಾಂಕು ಚೆನ್ನಾಗಿ ಬಂದಿದೆ.”

ಅವಳ ಬೆರಳು ಅಳಿಸುವ ಗುಂಡಿ ಒತ್ತಲಿಲ್ಲ. ಆ ಸದ್ದಿಗೆ ಕಿವಿಗೊಟ್ಟಿದ್ದ ಮೇಷ್ಟ್ರ ಮುಖದಲ್ಲಿದ್ದ ಧೈರ್ಯ ತಾನಾಗಿಯೇ ಸುಲಿದುಕೊಂಡು ಬಂತು.

“ತಪ್ಪು ಹೇಳಿದ್ನಾ?”

“ಎಡಗಡೇದರಲ್ಲಿ ಟ್ಯಾಂಕೇ ಇಲ್ಲ ಮೇಷ್ಟ್ರೇ. ಬಿಳೀ ಮೋಡ ಇದೆ. ಎಷ್ಟು ದಿನದಿಂದ ಕಾಣ್ತಿಲ್ಲ ನಿಮಗೆ?”

ಅವರು ಹಿಂದಕ್ಕೆ ಸರಿದು, ಕೈಯಿಂದ ತಡವಿ ಕುರ್ಚಿಯನ್ನು ಹುಡುಕಿ ಕುಳಿತರು.

“ಪೊರೆ ಆಗಿದ್ರೆ ತೆಗೆಸ್ಕೋಬಹುದಿತ್ತು. ಇದು ನರದ್ದು. ನಡುವೆ ಒಂದು ಬೂದಿ ಬಣ್ಣದ ಕಲೆ ಕೂತಿದೆ. ಸುತ್ತ ಅಂಚಲ್ಲಿ ಅಷ್ಟಿಷ್ಟು ಕಾಣುತ್ತೆ. ಹಕ್ಕಿ ಯಾವುದು ಅಂತ ಕೂಗಿಂದ ಗೊತ್ತಾಗುತ್ತೆ, ಆ ಕಡೆ ತಿರುಗಿಸಿ ಒತ್ತುತೀನಿ. ಬಂದ್ರೆ ಬಂತು.” ಮೆಟ್ಟಿಲ ಕಡೆ ಕಿವಿ ಕೊಟ್ಟು, ದನಿ ಇನ್ನೂ ತಗ್ಗಿಸಿದರು. “ಮಗಳಿಗೆ ಗೊತ್ತಾದ್ರೆ ತಾರಸಿ ಬಾಗಿಲಿಗೆ ಬೀಗ ಹಾಕ್ತಾಳೆ. ಆಮೇಲೆ ನಾನು ಆ ಕೋಣೆ, ಆ ಮಂಚ. ಅಷ್ಟೇ.”

“ಹಾಗಾದ್ರೆ ಆ ಚಿತ್ರ?”

“ಅವಳೇ ಸಾಯಂಕಾಲ ಕಾರ್ಡನ್ನ ಟೀವಿಗೆ ಹಾಕಿ ನೋಡ್ತಿದ್ಲು. ಕಿಟಾರನೆ ಕಿರುಚಿದ್ಲು. ‘ಅಪ್ಪಾ, ಇದನ್ನ ನೀವು ತೆಗೆದ್ರಾ?’ ಅಂದ್ಲು. ಅವಳ ದನಿಯಲ್ಲಿ...” ಅವರು ಕುರ್ಚಿಯ ತೋಳನ್ನು ಬೆರಳಿನಿಂದ ಸವರಿದರು. “ನನ್ನನ್ನ ಹೊಗಳೋ ದನಿ ಅದು. ಎಷ್ಟು ವರ್ಷ ಆಗಿತ್ತೋ ಕೇಳಿ. ಹೂಂ ಅಂದುಬಿಟ್ಟೆ. ಯಾವ ಚಿತ್ರ, ಅದರಲ್ಲೇನಿದೆ ಅಂತ ಗೊತ್ತಾಗೋಷ್ಟರಲ್ಲಿ ಇನ್ಸ್‌ಪೆಕ್ಟರು ಬಂದು ಕೂತಿದ್ದ. ಹೂಂ ಅಂದದ್ದನ್ನ ವಾಪಸ್ ನುಂಗೋಕಾಗ್ಲಿಲ್ಲ.”

“ನಿಮ್ಮ ಒಂದು ಹೂಂಗೆ ನನ್ನ ತಮ್ಮ ಒಳಗಿದ್ದಾನೆ!” ಲೆನ್ಸಕ್ಕನ ದನಿ ಏರಿತು. “ಪಕ್ಷಿಗಳ ಹಾಜರಿ ಕರೀತೀರ, ಒಬ್ಬ ಮನುಷ್ಯನ ಹಾಜರಿ ಯಾಕೆ ತಪ್ಪು ಹಾಕಿದ್ರಿ? ನೀವೇ ನೋಡಿದೀರಿ ಅಂತ ಬರೆಸಿದೀರಲ್ಲ, ಅವನು ತಳ್ಳಿದ್ದನ್ನ!”

“ಬೈ. ಬೈಸ್ಕೊಳ್ಳೋ ಕೆಲಸ ಮಾಡಿದೀನಿ.”

ಮೇಷ್ಟ್ರ ಮಗಳಿಗೆ ಈ ಕೂಗು ಕೇಳಿಸಿರಬೇಕು. ಅವಳು ಮೆಟ್ಟಿಲ ಬಾಗಿಲಲ್ಲಿ ಬಂದು ನಿಂತಿದ್ದಳು. ಎಷ್ಟು ಕೇಳಿದ್ದಳೋ, ಕೈಯಲ್ಲಿ ಕಣ್ಣಿನ ಔಷಧಿಯ ಸೀಸೆಯಿತ್ತು. ಮುಚ್ಚಳದ ಸೀಲು ಒಡೆದಿರಲಿಲ್ಲ.

“ಹಾಕ್ಕೊಂಡೆ ಅಂದ್ರಲ್ಲ ಅಪ್ಪ,” ಅಂದಳು, ಅಷ್ಟೇ. ಬೈಯಲಿಲ್ಲ. ಬಂದು ಅವರ ಕುರ್ಚಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಅವರ ಮೊಣಕಾಲ ಮೇಲೆ ಕೈಯಿಟ್ಟಳು.

ಮೇಷ್ಟ್ರು ಅತ್ತ ತಿರುಗದೆ, ಲೆನ್ಸಕ್ಕನಿಗೆ ಹೇಳಿದರು: “ನಾಳೆ ಹೇಳ್ತೀನಮ್ಮ. ನಾನು ತೆಗೆದದ್ದಲ್ಲ, ನನಗೆ ಕಾಣೋದಿಲ್ಲ, ಕ್ಯಾಮೆರಾ ಇಲ್ಲೇ ಬಿಟ್ಟು ಕೆಳಗೆ ಹೋಗಿ ಮಲಗಿದ್ದೆ ಅಂತ. ಎಲ್ಲರೆದುರಿಗೂ ಹೇಳ್ತೀನಿ.”

ಗೆದ್ದಂತಾಯಿತು. ವಕೀಲೆ ಕೇಳಿದ್ದು ಇಷ್ಟೇ. ಸಾಕ್ಷಿಯೇ ಕಣ್ಣು ಕಾಣದವನಾದ ಮೇಲೆ ಚಿತ್ರಕ್ಕೆ ನೆಲೆ ಉಳಿಯುವುದಿಲ್ಲ. ಲೆನ್ಸಕ್ಕ ಲ್ಯಾಪ್‌ಟಾಪನ್ನು ಚೀಲಕ್ಕಿಟ್ಟು ಮೆಟ್ಟಿಲ ತನಕ ನಡೆದಳು.

“ಹಾಗಾದ್ರೆ ತೆಗೆದವರು ಯಾರು?” ಮೇಷ್ಟ್ರ ಮಗಳು ಹಿಂದಿನಿಂದ ಕೇಳಿದಳು. “ಈ ತಾರಸಿಗೆ ಅಪ್ಪನ್ನ ಬಿಟ್ರೆ ಬರೋದು ನಿಮ್ಮ ತಮ್ಮ ಒಬ್ಬನೇ.”

“ನನ್ನ ತಮ್ಮನಾ?”

“ರಜಾ ಇದ್ದಾಗೆಲ್ಲ ಬರ್ತಿದ್ದ. ಟ್ಯಾಂಕಿನ ಮೇಲೆ ತಾನು ಬರೆದ ಅಕ್ಷರ ನೋಡೋಕೆ. ಹತ್ತಿರ ನಿಂತು ಬರೆಯೋವಾಗ ಡೊಂಕು ಗೊತ್ತಾಗಲ್ಲ, ಇಲ್ಲಿಂದ ಜೂಮ್ ಮಾಡಿದ್ರೇ ಗೊತ್ತಾಗೋದು ಅಂತಿದ್ದ.”

ಲೆನ್ಸಕ್ಕ ಮೆಟ್ಟಿಲ ಗೋಡೆಯನ್ನು ಹಿಡಿದುಕೊಂಡಳು.

ಅಡ್ಡ ಬರುವ ತಂತಿಯನ್ನು ದಾಟಬೇಕಾದರೆ ಕೆಳಗಿನ ಗಟ್ಟಿ ಅಂಚನ್ನು ಮೊದಲು ಹಿಡಿ, ಅರ್ಧ ಒತ್ತು, ಬಿಡದೆ ಮೇಲಕ್ಕೆ ತಾ, ಉಸಿರು ಬಿಟ್ಟು ಒತ್ತು. ಇದನ್ನು ಅವಳು ಹೇಳಿಕೊಟ್ಟದ್ದು ತಮ್ಮನಿಗೆ. ಅಂಗಡಿಯ ಹಿಂದಿನ ಓಣಿಯಲ್ಲಿ, ಜಾಲರಿಯ ಆಚೆ ಮಲಗಿದ್ದ ಬೆಕ್ಕನ್ನು ಗುರಿಯಾಗಿಟ್ಟು, ಅವನಿಗೆ ಬರುವ ತನಕ ಬಿಟ್ಟಿರಲಿಲ್ಲ.

ಆ ಚಿತ್ರ ತೆಗೆದವನು ತಮ್ಮ. ತೆಗೆಯುವವನು ತನ್ನ ಚಿತ್ರದೊಳಗೆ ಇರಲಾರ. ಅವನು ಕೊಲೆಗಾರನಲ್ಲ!

ಆ ಸಂತೋಷ ಅವಳಿಗೆ ಒಂದು ಮಹಡಿ ಇಳಿಯುವವರೆಗೆ ಮಾತ್ರ ದಕ್ಕಿತು. ಎರಡನೆಯ ಮಹಡಿಯಲ್ಲಿ ಅವಳ ಕಾಲು ನಿಧಾನವಾಯಿತು. ಕೊಲೆಯನ್ನು ಕಣ್ಣಾರೆ ಕಂಡವನು, ತನ್ನದೇ ಜಾಕೆಟು ಮತ್ತೊಬ್ಬನ ಮೈಮೇಲೆ ಕಂಡವನು, ಕೊರಳಿಗೆ ಹಗ್ಗ ಬಿದ್ದರೂ ಯಾರ ಹೆಸರನ್ನು ನುಂಗಿಕೊಂಡು ಕುಳಿತಿದ್ದಾನೆ?

ಅವಳು ಸೀದಾ ಹೋದ ಜೈಲಿನ ಭೇಟಿಯ ಕೋಣೆಯಲ್ಲಿ ಒಂದು ಮೇಜು, ಎರಡು ಬೆಂಚು. ಬಾಗಿಲಲ್ಲಿ ಪೇದೆ ಮೊಬೈಲಿನಲ್ಲಿ ಮುಳುಗಿದ್ದ. ತಮ್ಮ ಗೋಡೆಯ ಬಣ್ಣದ ಹಕ್ಕಳೆಯನ್ನು ಉಗುರಿನಿಂದ ಎಬ್ಬಿಸುತ್ತಿದ್ದ.

“ನೋಡಕ್ಕ, ಪ್ರೈಮರೇ ಹಾಕಿಲ್ಲ. ಸೀದಾ ಬಳಿದುಬಿಟ್ಟಿದ್ದಾರೆ. ಇವರನ್ನ ಅರೆಸ್ಟ್ ಮಾಡೋರು ಯಾರು?”

“ಮೇಷ್ಟ್ರ ತಾರಸಿಗೆ ಹೋಗಿದ್ದೆ.”

ಉಗುರು ನಿಂತಿತು.

“ತಂತಿ ಕಾಟ ಕೊಡ್ತು,” ಅಂದಳು ಅವಳು. “ಕೆಳಗೆ ನೀನು ಬರೆದ ಅಕ್ಷರದ ಮೇಲೆ ಹಿಡಿದು, ಮೇಲಕ್ಕೆ ತಂದೆ. ಚೆನ್ನಾಗಿ ಬಂತು.”

“ಬರುತ್ತೆ, ಅಲ್ಲಿ ಬಿಳಿ ಮೇಲೆ ಕೆಂಪು—” ಅವನು ನಾಲಿಗೆ ಕಚ್ಚಿಕೊಂಡ.

“ನೀನು ಕ್ಯಾಮೆರಾದ ಈಚೆ ಇದ್ದೆ ಕಣೋ. ಮೇಷ್ಟ್ರು ನಾಳೆ ನಿಜ ಹೇಳ್ತಾರೆ. ನೀನೂ ಹೇಳು. ಯಾರದು?”

“ಮುಖ ಮಸುಕಾಗಿದೆಯಲ್ಲ.”

“ಉಳಿದಿರೋದರಲ್ಲಿ ಮಸುಕಾಗಿದೆ. ಒಂದೇ ತೆಗೆದು ನಿಲ್ಲಿಸ್ಬೇಡ, ಬೆರಳು ಎತ್ತದೆ ಇನ್ನೊಂದು ತೆಗಿ ಅಂತ ನಿನಗೆ ಹೇಳಿಕೊಟ್ಟವಳೂ ನಾನೇ. ಇನ್ನೊಂದು ಎಲ್ಲಿ?”

ತಮ್ಮ ಕೈಗೆ ಬಂದಿದ್ದ ಬಣ್ಣದ ಹಕ್ಕಳೆಯನ್ನು ಬೆರಳುಗಳ ನಡುವೆ ಪುಡಿಮಾಡಿದ. ಹೇಳಿದಾಗ ಅವನ ದನಿ ಚಿಕ್ಕಂದಿನಲ್ಲಿ ಏನಾದರೂ ಒಡೆದುಹಾಕಿ ಬಂದು ನಿಲ್ಲುತ್ತಿದ್ದ ಕಾಲದ್ದಾಗಿತ್ತು.

“ಇತ್ತು. ಅದರಲ್ಲಿ ಮುಖ ಪೂರ್ತಿ ಈ ಕಡೆ ತಿರುಗಿತ್ತು. ಹುಬ್ಬಿನ ಕೂದಲು ಕೂಡ ಬಂದಿತ್ತಕ್ಕ. ಅಷ್ಟು ಚೆನ್ನಾಗಿ ನಾನು ಯಾವತ್ತೂ ತೆಗೆದಿರಲಿಲ್ಲ. ಅಕ್ಷರ ನೋಡೋಣ ಅಂತ ಹಿಡಿದೆ, ಮೇಲೆ ಯಾರೋ ಓಡಾಡ್ತಿದ್ರು, ಯಾರು ಅಂತ ಮೇಲಕ್ಕೆ ತಂದೆ, ಬೆರಳು ಒತ್ತಿಬಿಡ್ತು. ಆಮೇಲೆ ಪರದೆ ಮೇಲೆ ನೋಡಿದ್ರೆ... ಅದನ್ನ ಅಳಿಸಿದೆ. ಎರಡನೇದನ್ನ ಅಳಿಸೋಷ್ಟರಲ್ಲಿ ಮೆಟ್ಟಿಲ ಮೇಲೆ ಮೇಷ್ಟ್ರ ಕೋಲಿನ ಸದ್ದು. ಇಟ್ಟುಬಿಟ್ಟು ಇಳಿದೆ.”

“ಅಳಿಸಿದ್ರೆ ಹೋಗಲ್ಲ ಕಣೋ.”

ಅವನು ತಲೆಯೆತ್ತಿದ.

“ಅಳಿಸಿದ್ದು ಕಣ್ಣಿಗೆ ಕಾಣಲ್ಲ, ಅಷ್ಟೇ. ಕಾರ್ಡಿನ ಮೇಲೆ ಬೇರೇನೂ ತೆಗೆಯದಿದ್ರೆ ಅದು ಅಲ್ಲೇ ಕೂತಿರುತ್ತೆ. ಮದುವೆ ಚಿತ್ರ ಅಳಿಸ್ಕೊಂಡು ಅಳ್ತಾ ಬರೋರಿಗೆಲ್ಲ ನಾನೇ ತಾನೆ ತೆಗೆದುಕೊಡೋದು? ಕಾರ್ಡು ಪೊಲೀಸರ ಹತ್ರ ಹಾಗೇ ಇದೆ. ವಕೀಲೆಗೆ ಹೇಳಿ ಅರ್ಜಿ ಹಾಕಿಸ್ತೀನಿ. ಆ ಮುಖಾನ ನಾಳೆನೇ ವಾಪಸ್ ತರ್ತೀನಿ.”

ತಮ್ಮ ಮೇಜಿನ ಮೇಲಿಂದ ಅವಳ ಎರಡೂ ಕೈಗಳನ್ನು ಹಿಡಿದುಕೊಂಡ.

“ಬೇಡ ಅಕ್ಕ.”

“ಯಾಕೋ? ನಿನ್ನ ತಲೆ ಹೋಗುತ್ತೆ!”

“ಹೋಗ್ಲಿ. ನಿನಗೋಸ್ಕರ ಬೇಡ.”

ನಿನಗೋಸ್ಕರ. ಆ ಮಾತು ಅವಳ ಕಿವಿಗೆ ಬಿದ್ದು, ಒಳಗಿಳಿಯಲು ಒಂದು ಕ್ಷಣ ಹಿಡಿಯಿತು. ತಮ್ಮನಿಗೆ ರಜಾ ಇದ್ದ ದಿನ ಆ ಜಾಕೆಟು ಇರುತ್ತಿದ್ದದ್ದು ಅವಳದೇ ಮನೆಯಲ್ಲಿ, ಬಾಗಿಲ ಹಿಂದಿನ ಗೂಟದ ಮೇಲೆ. ಹೊರಗೆ ಹೊರಡುವ ಯಾರಾದರೂ ಕೈ ಚಾಚಿದರೆ—

ಆ ಯೋಚನೆಯನ್ನು ಅವಳು ಮುಗಿಸಲಿಲ್ಲ. ತಮ್ಮನ ಕಣ್ಣು ಅವಳ ಹೆಗಲ ಮೇಲಿಂದ ಹಾದು ಬಾಗಿಲಿಗೆ ಹೋಗಿತ್ತು. ಅವನು ಅವಳ ಕೈ ಬಿಟ್ಟು, ನೆಟ್ಟಗೆ ಕುಳಿತು, ಎಂದಿನ ದನಿಯಲ್ಲೇ ಅಂದ:

“ಬನ್ನಿ ಭಾವ.”

ಲೆನ್ಸಕ್ಕನ ಗಂಡ ಒಗೆದ ಬಟ್ಟೆಯ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಪೇದೆ ಮೊಬೈಲಿನಿಂದ ತಲೆಯೆತ್ತಿರಲಿಲ್ಲ. ಅವನು ಒಳಬಂದು ಚೀಲವನ್ನು ಮೇಜಿನ ಮೇಲಿಟ್ಟ. ಭಾವಮೈದುನನ ಬೆನ್ನು ತಟ್ಟಿದ. ಆಮೇಲೆ ಹೆಂಡತಿಯ ಪಕ್ಕದಲ್ಲಿ, ಬೆಂಚು ಕಿರುಗುಟ್ಟದಷ್ಟು ಮೆಲ್ಲಗೆ ಕುಳಿತ.

“ಏನೇ ಅದು,” ಎಂದು ನಗುತ್ತ ಕೇಳಿದ, “ನಾಳೆ ವಾಪಸ್ ತರ್ತೀನಿ ಅಂತಿದ್ದೆಯಲ್ಲ?”

ಅಜ್ಜಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಕೆಂಡದ ಬಾಯಿ ಮುಚ್ಚಿದಳು. “ಆಮೇಲೆ? ಅವಳೇನಂದ್ಲು?” ಎಂದು ನಾಲ್ಕೈದು ಬಾಯಿ ಒಟ್ಟಿಗೆ ಕೇಳಿದವು. “ನಿಮ್ಮನಿಮ್ಮ ಬಟ್ಟೆ ನೋಡ್ಕೊಂಡು ಎತ್ಕೊಳ್ಳಿ, ಹೊತ್ತಾಯ್ತು,” ಎಂದಳು ಅವಳು. ಯಾರೂ ಒತ್ತಾಯಿಸಲಿಲ್ಲ. ಒಬ್ಬೊಬ್ಬರಾಗಿ ಎದ್ದು, ಇನ್ನೂ ಬಿಸಿಯಿದ್ದ ಗಂಟುಗಳನ್ನು ಎದೆಗವಚಿಕೊಂಡು ಮನೆಯ ದಾರಿ ಹಿಡಿದರು. ಗಂಡನ ಜೊತೆಗೆ ಬಂದಿದ್ದ ಒಬ್ಬಾಕೆ ಮಾತ್ರ, ಅವನು ಗಂಟಿಗೆ ಕೈ ಚಾಚಿದರೂ ಕೊಡದೆ, ಬೀದಿಯ ತಿರುವಿನ ತನಕ ಅವನಿಂದ ನಾಲ್ಕು ಹೆಜ್ಜೆ ಹಿಂದೆಯೇ ನಡೆದಳು.